ಹದಿನಾಲ್ಕನೇ ಚೌಕ

ಫೆಬ್ರವರಿ ೩, ಶನಿವಾರ. ಮಧ್ಯಾಹ್ನ
ಮೂವತ್ತೆರಡು ಚೌಕ ಗೀಚಿ ಮುಗಿಸುವಷ್ಟರಲ್ಲಿ ಮಂಡಿ ಮುಷ್ಕರ ಹೂಡಿತು. ದೋಣಿ ನಿಲ್ಲುವ ದಕ್ಕೆಯ ಮೇಲೆ ಪ್ರತಿ ಶನಿವಾರ ಸಂತೆ. ಪ್ರತಿ ಶನಿವಾರ ನಾನು, ಸೀಮೆಸುಣ್ಣ, ಗಂಟು ಹಾಕಿದ ಹಗ್ಗ. ಗಂಟಿನಿಂದ ಗಂಟಿಗೆ ಒಬ್ಬರ ಜಾಗ. ಮುಂದಿನ ವಾರದೊಳಗೆ ಸಮುದ್ರ ಎಲ್ಲ ಒರೆಸಿಟ್ಟಿರುತ್ತದೆ. ಹನ್ನೊಂದು ವರ್ಷದಿಂದ ಇದೇ ಹಾಡು. ಸಾಕಾಗಿದೆ.

ಅಕ್ಕನ ಹದಿನಾಲ್ಕನೇ ಚೌಕ ಇವತ್ತೂ ಖಾಲಿ. ಎರಡನೇ ವಾರ. ಸೊಂಟ ಮುರಿದುಕೊಂಡು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಜಿಪ್ಪು, ಗುಂಡಿ, ಕೊಡೆಕಡ್ಡಿಗಳ ರಿಪೇರಿ ಪೆಟ್ಟಿಗೆ ಮಂಚದ ಕೆಳಗೆ. ಸತತ ಮೂರು ವಾರ ಯಾರೂ ಕೂರದಿದ್ದರೆ ಜಾಗ ಪಟ್ಟಿಯಲ್ಲಿ ಕಾದಿರುವವರಿಗೆ. ಆ ನಿಯಮ ಬರೆದವಳು ನಾನೇ. ಮೀಟಿಂಗಿನಲ್ಲಿ ಮೇಜು ಕುಟ್ಟಿದವಳೂ ನಾನೇ.

ಸೋಪಿನವಳು ಪಟ್ಟಿಯಲ್ಲಿ ಮೊದಲು. "ಅಕ್ಕನ ಸೊಂಟ ಹೇಗಿದೆ ಮೇಡಂ?" ಅಂದಳು. ಕಣ್ಣು ಮಾತ್ರ ಚೌಕದ ಮೇಲೆ.

ಫೆಬ್ರವರಿ ೫, ಸೋಮವಾರ
"ನನ್ನ ಜಾಗ ಇದೆ ತಾನೇ?" ಅಕ್ಕ ಕೇಳಿದಳು.
"ಎಲ್ಲಿಗೆ ಓಡಿಹೋಗುತ್ತೆ?"
"ಅಲ್ಲಿ ಕೂತ್ರೆ ನಾನೊಬ್ಬಳು ಮನುಷ್ಯಳು ಕಣೇ. ಇಲ್ಲಿ ಬರೀ ಒಂದು ಸೊಂಟ."
ನಕ್ಕೆ. ಅಡುಗೆಮನೆಗೆ ಹೋಗಿ ಅತ್ತೆ.

ಅವಳ ಬದಲು ನಾನು ಕೂರುವಂತಿಲ್ಲ — ಗೆರೆ ಎಳೆಯುವವರಿಗೆ ಚೌಕ ಇಲ್ಲ. ಅದೂ ನನ್ನದೇ ನಿಯಮ. ಬದಲಿಗೆ ಬೇರೆ ರಿಪೇರಿಯವರು ಕೂರಬಹುದು. ಆದರೆ ಈ ಊರಲ್ಲಿ ರಿಪೇರಿ ಬಲ್ಲವರೆಲ್ಲ ಆಗಲೇ ಒಂದೊಂದು ಚೌಕದಲ್ಲಿ ಕೂತಿದ್ದಾರೆ. ಒಬ್ಬನನ್ನು ಬಿಟ್ಟು.

ಅವನನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಫೆಬ್ರವರಿ ೮, ಗುರುವಾರ
ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ ಇಲ್ಲಿ.

ಕತ್ತರಿ, ಚಾಕು ಸಾಣೆ ಹಿಡಿಯುವವನು. ಹೋದ ವರ್ಷ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಎರಡು ವಾರ ಬರಲಿಲ್ಲ. ಮೂರನೇ ಶನಿವಾರ ದೊಡ್ಡ ಉಬ್ಬರ. ಮುಂದಿನ ಸಾಲು ಒದ್ದೆ, ಸೀಮೆಸುಣ್ಣ ಹಿಡಿಯಲೇ ಇಲ್ಲ. ಹಗ್ಗವನ್ನು ಒಳಗೆ ಸರಿಸಿ ಗೀಚಿದೆ. ಒಂದು ಚೌಕ ಬಿಟ್ಟುಹೋಯಿತು — ಅವನದು. ಸಾಣೆಚಕ್ರ ಹೊತ್ತು ಬಂದನಂತೆ, ಈ ತುದಿಯಿಂದ ಆ ತುದಿಗೆ ನಡೆದನಂತೆ, ವಾಪಸ್ ಹೋದನಂತೆ. ನಾನು 'ಬಂದಿಲ್ಲ' ಎಂದು ಬರೆದೆ. ಸಂಜೆ ಎಣಿಸಿದರೆ ಮೂವತ್ತೊಂದೇ.

ತಪ್ಪು ಗೊತ್ತಾಯಿತು. ಬಾಯಿ ಬಿಡಲಿಲ್ಲ. ಆ ಜಾಗ ಗಿಡ ಮಾರುವವನಿಗೆ ಹೋಯಿತು. ಸಾಣೆಯವನು ಈಗ ಚಕ್ರ ಹೊತ್ತು ಮನೆ ಮನೆ ತಿರುಗುತ್ತಾನೆ. ನನಗೆ ನಾಚಿಕೆಯಾಗುತ್ತದೆ. ಒಂದು ವರ್ಷದಿಂದ ಆಗುತ್ತಿದೆ, ಮಂಡಿನೋವಿನ ಜೊತೆಗೇ.

ಫೆಬ್ರವರಿ ೯, ಶುಕ್ರವಾರ
ಬಾಗಿಲಲ್ಲೇ ಅವನ ದನಿ! "ಚಾಕು ಸಾಣೇ..." ಅಕ್ಕ ಮಲಗಿದಲ್ಲಿಂದಲೇ ಕೂಗಿ ಕರೆದಳು — ಕತ್ತರಿ ಮೊಂಡಾಗಿದೆಯಂತೆ. ಮಲಗಿದವಳಿಗೆ ಕತ್ತರಿ ಯಾಕೆ? ಅರ್ಧ ಗಂಟೆ ಗುಸುಗುಸು. ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತೆ. ಹೊರಗೆ ಬರಲು ಧೈರ್ಯವಾಗಲಿಲ್ಲ.

ಫೆಬ್ರವರಿ ೧೦, ಶನಿವಾರ. ಸಂಜೆ
ಎಂಟೂವರೆವರೆಗೆ ಕಾಯುವುದು ಪದ್ಧತಿ. ಎಂಟಕ್ಕೇ ಸೋಪಿನವಳು ಮಡಚಿದ ಟೇಬಲ್ ಹಿಡಿದು ಹದಿನಾಲ್ಕರ ಪಕ್ಕ ಹಾಜರ್. ಪಾಪ, ಅವಳದೇನು ತಪ್ಪು. ಎರಡು ವರ್ಷ ಕಾದಿದ್ದಾಳೆ.

ಎಂಟು ಇಪ್ಪತ್ತು. ಅವನು ಬಂದ. ಒಂದು ಹೆಗಲಲ್ಲಿ ಚಕ್ರ, ಇನ್ನೊಂದರಲ್ಲಿ ಅಕ್ಕನ ಪೆಟ್ಟಿಗೆ. ಗೆರೆ ತುಳಿಯದೆ ದಾಟಿ ಒಳಗೆ ಕೂತ.
"ಅಕ್ಕನ ಬದ್ಲು ನಾನು. ಅವರು ಏಳೋವರೆಗೂ. ಬರ್ಕೊಳ್ಳಿ."
ಬರೆಯಲಾಗಲಿಲ್ಲ. ಸೋಪಿನವಳ ಎದುರಿಗೇ, ಎಲ್ಲರೆದುರಿಗೂ ಹೇಳಿಬಿಟ್ಟೆ — "ಹೋದ ವರ್ಷ ನಿಮ್ಮ ಚೌಕ ನಾನು ಗೀಚಿರಲೇ ಇಲ್ಲ."
"ಗೊತ್ತು. ಅವತ್ತೇ ಎಣಿಸಿದ್ದೆ. ಮೂವತ್ತೊಂದಿತ್ತು."
"ಮತ್ತೆ ಯಾಕೆ ಕೇಳ್ಲಿಲ್ಲ?"
ಕತ್ತರಿಯೊಂದನ್ನು ಚಕ್ರಕ್ಕೆ ಹಿಡಿದ. "ನೀವೇ ಹೇಳ್ತೀರೇನೋ ಅಂತ ಕಾದೆ."

ಇಡೀ ದಿನ ತಲೆಯಲ್ಲಿ ಅದೇ ಮಾತು. ಬೈದಿದ್ದರೆ ಹಗುರಾಗುತ್ತಿತ್ತು.

ಫೆಬ್ರವರಿ ೧೭, ಶನಿವಾರ. ಬೆಳಿಗ್ಗೆ ೫.೩೦
ವಾರವಿಡೀ ಹಗ್ಗದ ಗಂಟು ಬಿಚ್ಚಿ ಹತ್ತಿರ ಹತ್ತಿರ ಕಟ್ಟಿದ್ದೇ ಕೆಲಸ. ಹನ್ನೊಂದು ವರ್ಷದ ಗಂಟು, ಕಲ್ಲಾಗಿದ್ದವು. ಉಗುರು ಎರಡು ಹೋದವು. ಎಲ್ಲರ ಜಾಗವೂ ಸ್ವಲ್ಪ ಸ್ವಲ್ಪ ಕಿರಿದು — ಒಟ್ಟು ಮೂವತ್ತನಾಲ್ಕು. ಸಾಣೆಯವನದೂ ಸೋಪಿನವಳದೂ ಸೇರಿ. ಬೈಗುಳ ಗ್ಯಾರಂಟಿ. ಬೈಯಲಿ.

ಮಂಡಿ ಹಾಗೇ ಇದೆ. ಅಕ್ಕ ಒಳಗಿಂದ ಕೂಗುತ್ತಿದ್ದಾಳೆ, ಸೀಮೆಸುಣ್ಣ ತಗೊಂಡ್ಯಾ ಅಂತ. ಉಬ್ಬರ ಇಳಿದಿದೆ, ಹೋಗಬೇಕು. ಇವತ್ತು ಮೊದಲು ಅವನ ಚೌಕ. ಅದನ್ನು ಗೀಚಿ, ಅವನನ್ನು ಅಲ್ಲಿ ನಿಲ್ಲಿಸಿಕೊಂಡು, ಆಮೇಲೆ ಉಳಿದವರದು.