ಮೂರು ಪುಟದ ಅನುಮಾನ

11-2-2025, ಮಂಗಳವಾರ

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪು, ಕ್ಷಮಿಸಬೇಕು.

ನಮ್ಮೂರ ಶಿವನಂಜಯ್ಯನ ಕೊಲೆಯ ಬಗ್ಗೆ ಬರೆದದ್ದನ್ನು ನಿನ್ನೆ ಶಿವರತ್ನಕ್ಕನಿಗೆ ಓದಿ ಹೇಳಿದೆ. ಓದುವವರ ಎದೆ ಹೊಡೆದುಕೊಳ್ಳಲಿ ಎಂದು, ಕೊಂದವನು ಶಿವನಂಜಯ್ಯನ ಸ್ವಂತ ತಮ್ಮನೇ ಎಂಬುದನ್ನು ಕೊನೆಯವರೆಗೆ ಬಚ್ಚಿಟ್ಟಿದ್ದೆ. ಮೊದಲ ಮೂರು ಪುಟ ಅನುಮಾನವೆಲ್ಲ ಅಕ್ಕನ ಗಂಡ ಪರಮೇಶಣ್ಣನ ಮೇಲೆ: ಅವರ ಕುಡುಗೋಲು, ಅವರ ಒದ್ದೆ ಪಂಚೆ.

‘ಪೊಲೀಸ್ನೋರು ಮೂರು ದಿನಕ್ಕೆ ಬುಟ್ರು ಕವಿತ. ಊರೋರು ಮೂರು ವರ್ಸ ಬುಡ್ನಿಲ್ಲ. ಈಗ ನೀನೂ ಇಡ್ಕಂಡ್ಯಾ?’ ಅಂದರು ಅಕ್ಕ.

‘ಕೊನೇಲಿ ಬುಡ್ತೀನಿ, ಅಕ್ಕಾ.’

‘ಅರ್ದಕ್ಕೇ ಓದಿ ಮಡಗೋರ್ಗೆ ಏನೇಳೀಯೆ?’

ಜಗುಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ ಪರಮೇಶಣ್ಣ ತಲೆ ಎತ್ತಲೇ ಇಲ್ಲ.

ಗುಟ್ಟು ಮೊದಲೇ ಬಿಟ್ಟರೆ ಯಾರು ಓದುತ್ತಾರೆ? ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಹೊಸ ಹಾಳೆ ತೆಗೆದು, ಮೊದಲ ಸಾಲಿನಲ್ಲೇ ಕೊಂದವನ ಹೆಸರು ಬರೆದೆ.