ಬಾಗಿಲು ಮುಂದೆ ಮಾಡಿದವಳು

ಕಲಬುರಗಿ
೧೨ ಫೆಬ್ರವರಿ ೨೦೦೭

ಅವ್ವಾ,

ಹಾಸ್ಟೆಲಿನಲ್ಲಿ ಕಲಿಸಿದಂತೆ ‘ಮಾತೃಶ್ರೀಯವರಿಗೆ’ ಎಂದು ಬರೆದು ಕಾಟು ಹೊಡೆದೆ. ಶನಿವಾರ ಅಷ್ಟು ಜನರೆದುರು ನಿನ್ನನ್ನು ಬಾಜೂ ಮನೆಯವಳನ್ನಾಗಿ ಮಾಡಿದವಳು ನಾನು. ಈಗ ಮಾತೃಶ್ರೀ ಎಂದರೆ ನಿನಗೇ ನಗು ಬರುತ್ತದೆ.

ಕಾಗದ ನಮ್ಮ ಮನೆಗೆ ಬಂದರೆ ಅಪ್ಪನೇ ಮೊದಲು ಒಡೆಯುತ್ತಾನೆ. ಅದಕ್ಕೇ ನಮ್ಮ ಓಣಿಯ ಚಾಂದಬಿ ಚಾಚಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಮಾತು ಬರುವುದಿಲ್ಲ. ನನ್ನ ಒತ್ತಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು.

ಶನಿವಾರ ನಮ್ಮ ಲಾ ಕಾಲೇಜಿನಲ್ಲಿ ಡಿಬೇಟ್ ಇತ್ತು. ಟಾಪಿಕ್: ಮಕ್ಕಳ ಕಣ್ಣೆದುರು ಹೆಂಡತಿಯನ್ನು ಹೊಡೆಯುವವನಿಗೆ ಹೆಚ್ಚಿನ ಶಿಕ್ಷೆ ಬೇಕೆ? ನಾನು ಬೇಕು ಎನ್ನುವವರ ಕಡೆ. ಮೊದಲ ವರ್ಷದವರಲ್ಲಿ ಹೆಸರು ಕೊಟ್ಟವಳು ನಾನೊಬ್ಬಳೇ, ಅದೂ ನನಗಿಟ್ಟ ಅಜ್ಜಿಯ ಹೆಸರು ಹೇಳಲು ನಾಚಿ ‘ಯಮುನಾ’ ಎಂದು. ಪಾಯಿಂಟುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೈಕ್ ಎದುರು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ನೀನು.

ನಮ್ಮ ಬಾಜೂ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ ಎಂದೆ. ಗಂಡ ಕೈ ಎತ್ತಿದರೆ ಆಕೆ ಹೊಡೆಯಬೇಡಿ ಎನ್ನುವುದಿಲ್ಲ, ‘ಮಕ್ಕಳ ಮುಂದ ಬ್ಯಾಡ್ರಿ’ ಎನ್ನುತ್ತಾಳೆ ಎಂದೆ. ಆ ಮಾತು ಕೇಳಿದ್ದೇ ಆಕೆಯ ಏಳು ವರ್ಷದ ಮಗ ತಾನಾಗಿ ಎದ್ದು ಹೊರಗೆ ಬಂದು, ಬಾಗಿಲು ಮುಂದೆ ಮಾಡಿ, ಚಿಲಕ ಹಿಡಿದುಕೊಂಡು ಕೂರುತ್ತಾನೆ ಎಂದೆ. ಇಡೀ ಹಾಲ್ ಸುಮ್ಮನಾಯಿತು. ಅದರ ರುಚಿ ಹತ್ತಿತು ನನಗೆ. ಇಂಥ ಹೆಂಗಸರೇ ಗಂಡಸರಿಗೆ ಬಾಗಿಲ ಹಿಂದೆ ಹೊಡೆಯಲು ಲೈಸೆನ್ಸ್ ಕೊಡುತ್ತಾರೆ ಎಂದುಬಿಟ್ಟೆ. ಚಪ್ಪಾಳೆ ಬಿತ್ತು.

ಆಮೇಲೆ ಎದುರು ಕಡೆಯ ಮಕ್ಸೂದ್ ಎದ್ದ. ಸೆಕೆಂಡ್ ಇಯರಿನವನು, ಮಾತಿಗೆ ನಿಂತರೆ ಯಾರನ್ನೂ ಬಿಡುವುದಿಲ್ಲ. ‘ಬಾಗಿಲಾ ಮುಚ್ಚಿದ ಮ್ಯಾಲ ಮಕ್ಕಳ ಮುಂದ ಹ್ಯಾಂಗಾತ್ರಿ ಮೇಡಮ್ಮೋರೆ? ನೀವು ಶಿಕ್ಷಾ ಜಾಸ್ತಿ ಮಾಡಿದ್ರ ಊರಾಗ ಚಿಲಕ ಮಾರೋರಿಗೆ ಛಲೋ ಆಗ್ತದ, ಅಷ್ಟೇ’ ಎಂದ. ಎಲ್ಲರೂ ನಕ್ಕರು. ‘ಹೋಗ್ಲಿ, ನೀವರ ಕಣ್ಣಿಲೆ ನೋಡೀರೇನು?’ ಎಂದು ಕೇಳಿದ.

ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಜೀವ ಹೋದಂತಾಯಿತು, ಅವ್ವಾ. ‘ಇಲ್ಲ, ನಾನು ಏನೂ ನೋಡಿಲ್ಲ. ಯಾರೋ ಹೇಳಿದ್ದು’ ಎಂದೆ.

ಹಾಗೆಂದ ಮೇಲೆಯೇ ಹಿಂದಿನ ಬಾಗಿಲ ಹತ್ತಿರ ನೀನು ಕಂಡದ್ದು. ತಲೆತುಂಬ ಸೆರಗು, ಕೈಯಲ್ಲಿ ಚೀಲ, ಸೆರಗಿನ ತುದಿ ಹಿಡಿದು ನಿಂತ ನಮ್ಮ ಅಮೋಘ. ನಾನು ಸ್ಟೇಜಿನಿಂದ ಇಳಿಯುವಷ್ಟರಲ್ಲಿ ನೀವಿಬ್ಬರೂ ಇರಲಿಲ್ಲ. ಆ ಬಾಗಿಲನ್ನೂ ಸದ್ದಾಗದಂತೆ ಮುಂದೆ ಮಾಡಿ ಹೋಗಿದ್ದೆ ನೀನು.

ಗೇಟಿನಲ್ಲಿ ವಾಚ್‌ಮನ್ ಬುರ್ಹಾನುದ್ದೀನ್ ಚಾಚಾ ನನ್ನ ಕೈಗೆ ಕೆಂಪು ಬಾಳೆಹಣ್ಣಿನ ಚೀಲ ಕೊಟ್ಟು, ‘ಕಮಲಾಪುರದಿಂದ ನಿಮ್ಮ ಬಾಜೂ ಮನಿಯಾಕಿ ಬಂದಿದ್ರಂತ ನೋಡವ್ವ. ಹುಡುಗಿ ಭಾಳ ಛಲೋ ಮಾತಾಡ್ತಾಳ ಅಂದ್ರು’ ಎಂದರು. ಬಸ್ ಸ್ಟ್ಯಾಂಡಿಗೆ ಓಡಿದೆ. ನಮ್ಮೂರ ಮೇಲೆ ಹೋಗುವ ಹುಮನಾಬಾದ ಬಸ್ಸು ಹೋಗಿಬಿಟ್ಟಿತ್ತು.

ನಿನ್ನೆ ಚಾಚಿಗೆ ಫೋನ್ ಮಾಡಿದರೆ ಅವರು ಹಲೋ ಕೂಡ ಎನ್ನಲಿಲ್ಲ. ‘ಏನ್ ಬೇಟಾ, ಅವ್ವ ಸಾಕ್ಷಿ ಕೇಳಾಕ ಬಂದ್ರ ಭಾಷಣಾ ಕೊಟ್ಟು ಕಳಿಸಿಯಂತಲ್ಲ! ಲಾ ಓದಿ ಇದೇನಾ ಕಲ್ತಿದ್ದು?’ ಎಂದರು. ಹೋದ ಗುರುವಾರ ಅಪ್ಪ ತಳ್ಳಿದ್ದಕ್ಕೆ ನಿನ್ನ ಮುಂಗೈ ಬಾತದ್ದು, ಇನ್ನು ಸಾಕು ಎಂದು ನೀನು ಅಮೋಘನನ್ನು ಕರೆದುಕೊಂಡು ಹೊರಟದ್ದು, ‘ಮಗಳು ಕಾನೂನು ಓದಾಕತ್ತಾಳ, ಆಕಿ ಒಂದ್ ಮಾತು ಹೇಳಿದ್ರ ಸಾಕು’ ಎಂದು ಅವರ ಮುಂದೆ ಹಿಗ್ಗಿದ್ದು, ಎಲ್ಲ ಹೇಳಿದರು. ತಿರುಗಿ ಬಂದ ಮೇಲೆ ನೀನು ಅಂದದ್ದನ್ನೂ ಹೇಳಿದರು: ‘ಆಕೀನೇ ನೋಡಿಲ್ಲ ಅಂದ ಮ್ಯಾಲ ಮತ್ಯಾರ್ ನೋಡ್ಯಾರ, ಬಿಡ್ರಿ.’ ಹಾಗೆಂದು ಮತ್ತೆ ಅದೇ ಮನೆಯೊಳಗೆ ಹೋದೆಯಂತೆ.

ನಾನು ನೋಡಿದ್ದೇನೆ, ಅವ್ವಾ. ಹಾಸ್ಟೆಲಿಗೆ ಹೋಗುವ ಮುಂಚೆ ಆ ಚಿಲಕ ಹಿಡಿದು ಕೂರುತ್ತಿದ್ದವಳು ನಾನೇ ಅಲ್ಲವೇ? ನಮ್ಮ ಬಾಗಿಲ ಹಲಗೆಯಲ್ಲಿ ಒಂದು ಸೀಳು ಇದೆ. ನಿನ್ನ ಅಳು ನನಗೆ ಕೇಳಿಸಬಾರದೆಂದು ನೀನು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದುದನ್ನು ಅದರಲ್ಲಿ ನೋಡಿದ್ದೇನೆ. ನನ್ನನ್ನು ಹಾಸ್ಟೆಲಿಗೆ ಕಳಿಸಿದ್ದೂ ಬಾಗಿಲು ಮುಂದೆ ಮಾಡಿದ ಹಾಗೆಯೇ ಎಂದು ಈಗ ಅನಿಸುತ್ತದೆ. ನಿನಗೆ ಗೊತ್ತಿದ್ದ ದಾರಿ ಅದೊಂದೇ. ಅದನ್ನು ಲೈಸೆನ್ಸ್ ಎಂದು ಚಪ್ಪಾಳೆ ತಗೊಂಡೆ.

ಇವತ್ತು ನಮಗೆ ಪಾಠ ಮಾಡುವ ಅಕ್ಬರಿ ಬೇಗಂ ಮೇಡಂಗೆ, ಬಾಜೂ ಮನೆ ಎನ್ನದೆ, ಎಲ್ಲ ಹೇಳಿದೆ. ಮಕ್ಕಳೆದುರು ಹೊಡೆದರೆ ಇಷ್ಟು ಹೆಚ್ಚು ಶಿಕ್ಷೆ ಎಂಬುದು ಸದ್ಯಕ್ಕೆ ಕಾನೂನಿನಲ್ಲಿಲ್ಲ, ಅದು ಡಿಬೇಟಿನ ಮಾತೇ ಎಂದರು. ಆದರೆ ಹೋದ ವರ್ಷ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀನು ಆ ಮನೆ ಬಿಡದೆಯೂ ರಕ್ಷಣೆ ಕೇಳಬಹುದಂತೆ. ‘ಬಾಗಿಲ ಹೊರಗ ಕುಂತಾಕಿನೂ ಸಾಕ್ಷಿನೇ ಯಮುನಾ, ಕೇಳಿದ್ದನ್ನ ಕೇಳೀನಿ ಅನ್ನು, ನೋಡಿದ್ದನ್ನ ನೋಡೀನಿ ಅನ್ನು’ ಎಂದರು. ಅರ್ಜಿ ಕೊಡಲು ರಕ್ಷಣಾಧಿಕಾರಿಯ ಆಫೀಸಿಗೆ ತಾವೂ ಬರುತ್ತಾರಂತೆ.

ಬರುವ ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನನಗೆ ಹೆದರಿಕೆ ಇದೆ. ನಾನು ಊರಿಗೆ ಬಂದಾಗಲೆಲ್ಲ ಒಳ್ಳೆಯ ಹಣ್ಣು ಆರಿಸಿ, ಸುಲಿದು ನನ್ನ ಕೈಗೆ ಕೊಡುವವನೂ ಅಪ್ಪನೇ. ಆದರೂ ನೋಡಿದ್ದನ್ನು ಹೇಳುತ್ತೇನೆ. ನೀನು ಈಗ ಬೇಡವೆಂದರೂ ನಾನು ತಿರುಗಿ ಬರುವುದಿಲ್ಲ, ಮನೆಯಲ್ಲೇ ಇರುತ್ತೇನೆ, ಬಾಗಿಲ ಒಳಗೆ. ನೀನು ತಂದ ಹಣ್ಣು ಹಾಗೇ ಇವೆ, ಕಪ್ಪಾಗುತ್ತಿವೆ. ತಿನ್ನಲು ಆಗುತ್ತಿಲ್ಲ.

ನಿನ್ನ ಮನೆಯವಳೇ,
ಯಮನಮ್ಮ

ತಾ.ಕ.: ಅಮೋಘ ‘ತಾನಾಗಿ’ ಎದ್ದು ಬರುತ್ತಾನೆ ಎಂದು ಮೈಕಿನಲ್ಲಿ ಹೇಳಿದ್ದು ಸುಳ್ಳು. ಈ ಕೂಸಿಗೆ ಇದನ್ನು ಯಾರು ಕಲಿಸಿದರೋ ಎಂದು ದೀಪಾವಳಿಗೆ ನೀನು ಕೇಳಿದಾಗ ನಾನು ಸುಮ್ಮನಿದ್ದೆ. ದಸರೆ ರಜೆಗೆ ಬಂದಾಗ ಅವನು ಒಳಗೆ ನಿಂತು ಅಳುತ್ತಿದ್ದ. ಹೊರಗೆ ಎಳೆದುಕೊಂಡು ಬಂದು, ಅವನ ಕೈಯನ್ನು ಚಿಲಕದ ಮೇಲಿಟ್ಟು, ‘ಗಟ್ಟಿ ಹಿಡ್ಕೋ, ಅಂದ್ರ ಅವ್ವಗ ನಾಚಿಕಿ ಆಗಂಗಿಲ್ಲ’ ಎಂದು ನಾನೇ ಕಲಿಸಿದೆ. ಚಿಲಕ ಬಿಡುವುದಿಲ್ಲ ಎಂದು ನನಗೆ ಆಣೆ ಮಾಡಿದ್ದಾನೆ, ನೀನು ಬೇಡವೆಂದರೆ ಕೇಳುವುದಿಲ್ಲ. ಇಷ್ಟನ್ನು ಅವನಿಗೆ ಓದಿ ಹೇಳು: ತಮ್ಮಾ, ಅಕ್ಕ ತಪ್ಪು ಕಲಿಸಿದ್ದಳು. ಚಿಲಕ ಬಿಟ್ಟುಬಿಡು. ಬಾಗಿಲು ಪೂರಾ ತೆಗೆದು ಹಾರು ಹೊಡೆದು ಚಾಚಿಯ ಮನೆಗೆ ಓಡು, ಓಣಿಗೆಲ್ಲ ಕೇಳುವ ಹಾಗೆ ಕೂಗು.