ಹಿಂದಿನ ರೂಮಿನ ಬಾಡಿಗೆಯವನು

ಗ್ರಾಸಿ ಪಾರ್ಕ್, ಕೇಪ್ ಟೌನ್
11 ಮಾರ್ಚ್ 2009, ಬುಧವಾರ

ಪ್ರೀತಿಯ ಎಲ್ರಾಯ್,

ಕ್ಷೇಮವೇ ಎಂದು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇದು ನಾಲ್ಕನೆಯ ಹಾಳೆ. ಎರಡು ಸಾಲು ಬರೆದು ಏಳುತ್ತೇನೆ, ಗೇಟಿನವರೆಗೆ ಹೋಗಿ ಬರುತ್ತೇನೆ, ಮತ್ತೆ ಕೂರುತ್ತೇನೆ. ಶನಿವಾರ ನಿನಗೂ ನನ್ನ ಮಗನಿಗೂ ಮದುವೆ. "ನೀನು ಬರೋದು ಬೇಡಮ್ಮ" ಎಂದ ಮೇಲೆ ಲೆವೆಲಿನ್ ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಆ ಭಾನುವಾರ ಚರ್ಚಿನ ಹೆಂಗಸರು ಬಂದಿದ್ದರು. ನೀನು ಅಡುಗೆಮನೆಯಿಂದ ಚಹಾದ ಟ್ರೇ ತಂದೆ. "ಯಾರೇ ಸೋಫಿ ಇವನು? ಇಷ್ಟು ಚೆಂದದ ಹುಡುಗನ್ನ ಎಲ್ಲಿ ಬಚ್ಚಿಟ್ಟಿದ್ದೆ? ನಮ್ಮ ತಂಗಿ ಮಗಳಿಗೆ ಕೇಳ್ಲಾ?" ಎಂದು ಮಿಸೆಸ್ ಕ್ಯೂಪಿಡೊ ನಕ್ಕಳು. ನಾನು ಒಂದು ಕ್ಷಣವೂ ತಡವರಿಸದೆ, "ಹಿಂದಿನ ರೂಮಿನ ಬಾಡಿಗೆಯವನು" ಎಂದೆ. ನಾಲ್ಕು ವರ್ಷದಿಂದ ಆಂಟಿ ಎನ್ನುತ್ತಿದ್ದ ನೀನು ಬಗ್ಗಿ, "ಸಕ್ಕರೆ ಎಷ್ಟು ಹಾಕ್ಲಿ, ಮೇಡಂ?" ಎಂದೆ. ಲೆವೆಲಿನ್ ಎದ್ದು ಹೊರಟುಹೋದ.

ಮರುದಿನ ಫೋನಿನಲ್ಲಿ ಕೂಗಾಡಿದ. "ಬಿಳಿಯರು ನಿಮಗೆ ಮಾಡಿದ್ದನ್ನೇ ನೀನು ನಮಗೆ ಮಾಡ್ತಿದ್ದೀಯ." ನಾನೂ ಬಿಡಲಿಲ್ಲ. "ಅದಕ್ಕೂ ಇದಕ್ಕೂ ಹೋಲಿಸ್ಬೇಡ. ನಮ್ಮನ್ನ ಸಾಮಾನಿನ ಜೊತೆ ಲಾರಿಗೆ ತುಂಬಿ ಊರಾಚೆಯ ಈ ಮರಳು ಬಯಲಿಗೆ ತಂದು ಸುರಿದ್ರು. ನಿನ್ನನ್ನ ಯಾರು ಎಲ್ಲಿಗೆ ಎತ್ತಿ ಹಾಕಿದ್ರು?" ಎಂದೆ. ಅವನು, "ನಿನ್ನ ಮನೆಯಿಂದಾನೇ ಹೊರಗೆ ಹಾಕಿದ್ದಲ್ವಾ" ಎಂದು ಫೋನ್ ಇಟ್ಟ.

ಅವನಿಗೆ ಗೊತ್ತಿಲ್ಲದ ಒಂದು ಮಾತಿದೆ. ನಮ್ಮದು ಮಿಶ್ರವರ್ಣದ ಮನೆ. ನನ್ನ ಬಣ್ಣ ಮಾತ್ರ ತಿಳಿ. 1964ರಲ್ಲಿ ಬಿಳಿಯಳೆಂದು ಹೇಳಿಕೊಂಡು, ಬಿಳಿಯರಿಗಷ್ಟೇ ಕೆಲಸ ಕೊಡುತ್ತಿದ್ದ ಅಂಗಡಿಯಲ್ಲಿ ಕೈಗವಸು ಮಾರುತ್ತಿದ್ದೆ, ಅವರ ಬೀದಿಯಲ್ಲೇ ರೂಮು ಹಿಡಿದಿದ್ದೆ. ಒಂದು ಮಧ್ಯಾಹ್ನ ಅಂಗಡಿಯ ಜೊತೆಯ ಹುಡುಗಿಯರು ರೂಮಿಗೆ ಬಂದಿದ್ದಾಗ ಅಮ್ಮ ಕರಿದ ತಿಂಡಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಕಪ್ಪು ಮುಖ, ಭಾನುವಾರದ ಟೋಪಿ. ನನ್ನ ಬಾಯಿಂದ "ನಮ್ಮ ಕೆಲಸದವಳು" ಎಂಬ ಮಾತು ಬಂತು. ಅಮ್ಮ ಟೋಪಿ ತೆಗೆದಳು. "ಚಹಾ ಮಾಡ್ಲಾ, ಮೇಡಂ?" ಎಂದಳು. ಚಹಾದ ಕಪ್‌ಗಳನ್ನು ತೊಳೆದಿಟ್ಟು ಹಿಂದಿನ ಬಾಗಿಲಿಂದ ಹೋದಳು.

ನೀವು ಪಟ್ಟದ್ದೂ ನಾವು ಪಟ್ಟದ್ದೂ ಒಂದೇ ಎಂದು ನಾನು ಈಗಲೂ ಒಪ್ಪುವುದಿಲ್ಲ, ಎಲ್ರಾಯ್. ಆದರೆ ಹೇಳಿದ ಬಾಯಿ ಒಂದೇ. ಅಂದು ಬಣ್ಣ ನೋಡಿ ಜನರನ್ನು ಬೇರೆ ಮಾಡುವ ಕಾನೂನಿನ ಹೆದರಿಕೆ ಇತ್ತು. ಈಗ ಕಾನೂನು ನಿಮ್ಮ ಕಡೆಗಿದೆ. ನಾನು ಹೆದರಿದ್ದು ಚಹಾ ಕುಡಿಯಲು ಬಂದ ಮೂವರು ಮುದುಕಿಯರಿಗೆ.

ಇದನ್ನು ಲೆವೆಲಿನ್‌ಗೆ ಓದಿ ಹೇಳು. ಕೇಳಿದ ಮೇಲೂ ಬೇಡ ಎಂದರೆ ಬರುವುದಿಲ್ಲ.

ಇನ್ನೂ ಹಾಗೆ ಕರೆಯಬಹುದಾದರೆ, ನಿನ್ನ ಆಂಟಿ,
ಸೋಫಿಯಾ ಫೋರ್ಟುಯಿನ್

ತಾ.ಕ.: ಅಮ್ಮ 1967ರಲ್ಲಿ ತೀರಿಕೊಂಡಳು. ಮಣ್ಣು ಮಾಡುವ ದಿನ ಚರ್ಚಿನಲ್ಲಿ ನಾನು ಅವಳ ಮಕ್ಕಳ ಸಾಲಿನಲ್ಲಿ ಕೂರಲಿಲ್ಲ, ಅವಳು ಬಟ್ಟೆ ಒಗೆಯುತ್ತಿದ್ದ ಮನೆಗಳ ಬಿಳಿ ಹೆಂಗಸರ ಜೊತೆ ಕೂತೆ. ಬಂದಿದ್ದಕ್ಕೆ ಉಪಕಾರವಾಯಿತೆಂದು ನನ್ನ ತಮ್ಮನೇ ಬಂದು ಕೈ ಕುಲುಕಿದ. ಶನಿವಾರ ನನ್ನನ್ನು ಕರೆಯುವುದಾದರೆ, ಅತಿಥಿಗಳ ಸಾಲಿನಲ್ಲಿ ಮಾತ್ರ ಕೂರಿಸಬೇಡಿ.